ಮೂಳೆ ಕ್ಯಾನ್ಸರನ್ನು ಮೈಕ್ರೋಆರ್‌ಎನ್‌ಎ ಬೆಳೆಸುತ್ತದೋ, ತಡೆಯುತ್ತದೋ?

ಪ್ರಶ್ನೆ: ಮೈಕ್ರೋಆರ್‌ಎನ್‌ಎ ಮೂಳೆ ಕ್ಯಾನ್ಸರನ್ನು ಬೆಳೆಸುತ್ತದೆ ಎಂದು ಒಂದು ಕಡೆ ಓದಿದೆ, ತಡೆಯುತ್ತದೆ ಎಂದು ಇನ್ನೊಂದು ಕಡೆ. ಯಾವುದು ನಿಜ?

ಉತ್ತರ: ಎರಡೂ ನಿಜ. ಮೈಕ್ರೋಆರ್‌ಎನ್‌ಎ ಒಂದಲ್ಲ, ನಮ್ಮ ಜೀವಕೋಶಗಳಲ್ಲಿ ಅವು ನೂರಾರು ಬಗೆ ಇವೆ. ಎಲ್ಲವೂ ಮಾಡುವ ಕೆಲಸ ಮಾತ್ರ ಒಂದೇ: ಬಾಯಿ ಮುಚ್ಚಿಸುವುದು. ಯಾರ ಬಾಯಿ ಎಂಬುದನ್ನು ನೋಡಿದರೆ ಗೊಂದಲ ತಾನಾಗಿ ಬಗೆಹರಿಯುತ್ತದೆ.

ಜೀನಿನಲ್ಲಿರುವ ಮಾಹಿತಿ ಸಂದೇಶವಾಹಕ ಆರ್‌ಎನ್‌ಎ ಆಗಿ ಹೊರಡುತ್ತದೆ, ಅದನ್ನು ಓದಿಕೊಂಡು ಕೋಶ ಪ್ರೋಟೀನ್ ತಯಾರಿಸುತ್ತದೆ. ಮೈಕ್ರೋಆರ್‌ಎನ್‌ಎ ಎಂದರೆ ಸುಮಾರು 22 ಅಕ್ಷರಗಳ ಆರ್‌ಎನ್‌ಎ ತುಣುಕು, ಅಷ್ಟೇ. ಅಕ್ಷರಗಳೆಂದರೆ ಎ, ಯು, ಜಿ, ಸಿ ಎಂಬ ನಾಲ್ಕು ರಾಸಾಯನಿಕ ಘಟಕಗಳು; ಜಿಗೆ ಸಿ ಜೋಡಿ, ಎಗೆ ಯು ಜೋಡಿ. ಮಿರ್-34ಎ ಎಂಬುದನ್ನೇ ತೆಗೆದುಕೊಳ್ಳಿ. ಅದರ 2ರಿಂದ 8ನೆಯವರೆಗಿನ ಅಕ್ಷರಗಳು ಜಿ-ಜಿ-ಸಿ-ಎ-ಜಿ-ಯು-ಜಿ. ಯಾವ ಸಂದೇಶದ ಬಾಲದಲ್ಲಿ ಇದಕ್ಕೆ ಹಿಂದುಮುಂದಾಗಿ ಜೋಡಿಯಾಗುವ ಸಿ-ಎ-ಸಿ-ಯು-ಜಿ-ಸಿ-ಸಿ ಇದೆಯೋ ಅಲ್ಲಿ ಅದು ಅಂಟಿಕೊಳ್ಳಬಲ್ಲದು. ಅಂಟಿದರೆ ಆ ಸಂದೇಶದಿಂದ ಪ್ರೋಟೀನ್ ತಯಾರಾಗುವುದು ಕುಗ್ಗುತ್ತದೆ, ಸಂದೇಶವೇ ನಾಶವಾಗುವುದೂ ಉಂಟು. ಏಳೇ ಅಕ್ಷರ ಹೊಂದಿದರೆ ಸಾಕಾಗುವುದರಿಂದ ಒಂದೊಂದು ಮೈಕ್ರೋಆರ್‌ಎನ್‌ಎ ನೂರಾರು ಸಂದೇಶಗಳನ್ನು ಹಿಡಿದು ನಿಲ್ಲಿಸಬಹುದು. ವಿಜ್ಞಾನಿಗಳಾದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಮೈಕ್ರೋಆರ್‌ಎನ್‌ಎಯ ಈ ಕೆಲಸವನ್ನು 1993ರಲ್ಲಿ ಮೊದಲು ಕಂಡದ್ದು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. 2024ರ ವೈದ್ಯಕೀಯ ನೊಬೆಲ್ ಇದಕ್ಕೇ ಬಂತು.

ಈಗ ಮೂಳೆಗೆ ಬರೋಣ. ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಆಸ್ಟಿಯೋಸಾರ್ಕೋಮ. ಮೂಳೆ ಭರದಿಂದ ಉದ್ದವಾಗುವ ಹದಿಹರೆಯದಲ್ಲಿ, ಬಹುಪಾಲು ಮೊಣಕಾಲಿನ ಆಸುಪಾಸಿನಲ್ಲಿ ಬರುತ್ತದೆ. ಡಿಎನ್‌ಎ ಕೆಟ್ಟ ಕೋಶವನ್ನು ತಡೆದು ನಿಲ್ಲಿಸುವ ಪಿ53 ಎಂಬ ಕಾವಲು ಜೀನ್ ಈ ರೋಗದಲ್ಲಿ ಬಹಳ ಸಲ ಹಾಳಾಗಿರುತ್ತದೆ. ಪಿ53 ಚೆನ್ನಾಗಿದ್ದರೆ ಮಿರ್-34ಎಯನ್ನು ಎಬ್ಬಿಸುತ್ತದೆ. ಅದು ಕೋಶ ವಿಭಜನೆಗೆ ಬೇಕಾದ ಸಿಡಿಕೆ6, ಕೋಶ ಸಾಯದಂತೆ ಕಾಯುವ ಬಿಸಿಎಲ್2, ಹರಡಲು ಕುಮ್ಮಕ್ಕು ಕೊಡುವ ಮೆಟ್ ಎಂಬ ಜೀನ್‌ಗಳ ಬಾಯಿ ಮುಚ್ಚಿಸುತ್ತದೆ. ಪಿ53 ಹೋದರೆ ಮಿರ್-34ಎ ಕಡಿಮೆಯಾಗುತ್ತದೆ, ಈ ಮೂವರಿಗೂ ಹೇಳುವವರು ಕೇಳುವವರು ಇರುವುದಿಲ್ಲ. ಇಲ್ಲಿ ತೊಂದರೆ ಮೈಕ್ರೋಆರ್‌ಎನ್‌ಎ ಇರುವುದರಿಂದಲ್ಲ, ಇಲ್ಲದಿರುವುದರಿಂದ.

ಮಿರ್-21ರದು ಇದಕ್ಕೆ ತದ್ವಿರುದ್ಧ. ಅದು ಗಡ್ಡೆಯಲ್ಲಿ ಹೆಚ್ಚಾಗಿ, ಕೋಶವನ್ನು ಹದ್ದುಬಸ್ತಿನಲ್ಲಿಡುವ ಪಿಟೆನ್ ಮತ್ತು ರೆಕ್ ಎಂಬ ಜೀನ್‌ಗಳನ್ನೇ ಸುಮ್ಮನಾಗಿಸುತ್ತದೆ. ಅಂಗಾಂಶವನ್ನು ಕೊರೆದು ದಾರಿ ಮಾಡುವ ಕಿಣ್ವಗಳಿಗೆ ರೆಕ್ ಒಂದು ಲಗಾಮು. ಅಂಥದೇ ಒಂದು ಕಿಣ್ವವಾದ ಎಂಎಂಪಿ-13ನ್ನು ಅಂಕೆಯಲ್ಲಿಡುವ ಮಿರ್-143, ಶ್ವಾಸಕೋಶಕ್ಕೆ ಹರಡುವ ಗಡ್ಡೆಗಳಲ್ಲಿ ಕುಗ್ಗಿರುವುದು ಕಂಡುಬಂದಿದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಭಾಗ ಇದೇ, ಏಕೆಂದರೆ ಈ ರೋಗ ಜೀವ ತೆಗೆಯುವುದು ಹೆಚ್ಚಾಗಿ ಮೂಳೆಯಲ್ಲಿದ್ದುಕೊಂಡಲ್ಲ, ಶ್ವಾಸಕೋಶಕ್ಕೆ ಹೋಗಿ.

ಹಾಗಾದರೆ ಕಡಿಮೆಯಾದದ್ದನ್ನು ಹೊರಗಿನಿಂದ ಕೊಡಬಾರದೇ? ಕೊಟ್ಟು ನೋಡಿದ್ದಾರೆ. ಮಿರ್-34ಎಯ ನಕಲನ್ನು ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿ ತುಂಬಿದ ಎಂಆರ್‌ಎಕ್ಸ್34 ಔಷಧಿಯನ್ನು 2013ರಿಂದ ಬೇರೆ ಬೇರೆ ಅಂಗಗಳ ಮುಂದುವರಿದ ಕ್ಯಾನ್ಸರ್ ಇದ್ದವರಲ್ಲಿ ಪರೀಕ್ಷಿಸಲಾಯಿತು. ಕೆಲವರಲ್ಲಿ ಗಡ್ಡೆ ಕುಗ್ಗಿತು, ಆದರೆ ರೋಗನಿರೋಧಕ ವ್ಯವಸ್ಥೆ ತೀವ್ರವಾಗಿ ಕೆರಳಿ 2016ರಲ್ಲಿ ನಿಲ್ಲಿಸಬೇಕಾಯಿತು. ನೂರಾರು ಸಂದೇಶಗಳನ್ನು ಮುಟ್ಟುವ ವಸ್ತುವನ್ನು ಬೇಕಾದ ಕೋಶಕ್ಕೆ ಮಾತ್ರ ತಲುಪಿಸುವುದು ಸುಲಭದ ಮಾತಲ್ಲ.

ರಕ್ತದಲ್ಲಿ ಮೈಕ್ರೋಆರ್‌ಎನ್‌ಎ ಹಾಳಾಗದೆ ಉಳಿಯುತ್ತದೆ, ಹಾಗಾಗಿ ಅದನ್ನು ಅಳೆದು ರೋಗ ಪತ್ತೆ ಮಾಡುವ ಪ್ರಯತ್ನ ಭರದಿಂದ ನಡೆದಿದೆ. ಸದ್ಯಕ್ಕೆ ರೋಗ ಖಚಿತವಾಗುವುದು ಎಕ್ಸ್‌ರೇ, ಎಂಆರ್‌ಐ, ಬಯಾಪ್ಸಿಯಿಂದಲೇ. ಮಕ್ಕಳ ಮೊಣಕಾಲ ಬಳಿ ವಾರಗಟ್ಟಲೆ ಹೋಗದ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವೋ ಊತವೋ ಇದ್ದರೆ, ಆಟದಲ್ಲಿ ಬಿದ್ದ ಪೆಟ್ಟು ಎಂದು ಬಿಡದೆ ದಯವಿಟ್ಟು ಒಂದು ಎಕ್ಸ್‌ರೇ ತೆಗೆಸಿ.