ಸೇಂಟ್ ಮೇರೀಸ್‌ಗೆ ಹೋದಾಗ ಕಲ್ಲನ್ನೂ ನೋಡಿ

ಮಲ್ಪೆ ಬಂದರಿನಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಸುಮಾರು 6 ಕಿಲೋಮೀಟರ್. ಹೋಗಿ ಬಂದವರ ಫೋನಿನಲ್ಲಿ ತೆಂಗಿನ ಮರ, ನೀಲಿ ನೀರು, ಸೆಲ್ಫಿ ಬೇಕಾದಷ್ಟು ಇರುತ್ತವೆ. ಕಲ್ಲಿನ ಫೋಟೋ ಮಾತ್ರ ಅಪರೂಪ. ಭೂವಿಜ್ಞಾನವೇ ವೃತ್ತಿಯಾದ ನನಗೆ ಇದು ನಿಜಕ್ಕೂ ಬೇಸರ. ಭಾರತ ಮತ್ತು ಮಡಗಾಸ್ಕರ್ ಒಂದನ್ನೊಂದು ಬಿಟ್ಟು ದೂರವಾದ ಕಾಲದ ಲಾವಾ ಅಲ್ಲಿ ಕೈಗೆ ಸಿಗುವಂತೆ ಬಿದ್ದಿದೆ.

ಈ ಕಲ್ಲಿನ ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಇದೂ ದಖನ್ ಪ್ರಸ್ಥಭೂಮಿಯ ಲಾವಾವೇ ಇರಬೇಕು ಎಂದು ಅನೇಕರು ಅಂದುಕೊಳ್ಳುತ್ತಾರೆ. ಅಲ್ಲ. ದಖನ್ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಅಂದರೆ ಬಹಳ ತಡವಾಗಿ. ಇನ್ನೊಂದು ತಪ್ಪು ಇದನ್ನು ಬಸಾಲ್ಟ್, ಅಂದರೆ ದಖನ್‌ನಲ್ಲಿ ಕಾಣುವಂಥ ಕಪ್ಪು ಲಾವಾ ಕಲ್ಲು, ಅನ್ನುವುದು. ಇದರಲ್ಲಿ ಸಿಲಿಕಾ, ಅಂದರೆ ಬಿಳಿ ಮರಳಿನಲ್ಲಿ ಹೆಚ್ಚಾಗಿರುವ ಅಂಶ, ಬಸಾಲ್ಟ್‌ಗಿಂತ ಜಾಸ್ತಿ. ಸಿಲಿಕಾ ಜಾಸ್ತಿ ಇರುವ ಇಂಥ ಲಾವಾ ಕಲ್ಲಿಗೆ ರಯೋಲೈಟ್, ಡೇಸೈಟ್ ಎಂದು ಹೆಸರು. ಇದೇ ಕಾಲದ ಲಾವಾ ಮಡಗಾಸ್ಕರ್‌ನ ಪೂರ್ವ ಕರಾವಳಿಯಲ್ಲೂ ಇದೆ. ನಡುವೆ ಈಗ ಇಡೀ ಸಮುದ್ರವಿದೆ, ಆದರೆ ಎರಡೂ ಕಡೆಯ ಕಲ್ಲು ಒಂದೇ ಘಟನೆಯನ್ನು ಹೇಳುತ್ತದೆ.

ದ್ವೀಪದಲ್ಲಿ ಇಳಿದ ಮೇಲೆ, ಈ ಲಾವಾ ಕಲ್ಲು ಒತ್ತೊತ್ತಾಗಿ ನಿಂತ ಕಂಬಗಳ ಆಕಾರದಲ್ಲಿ ಕಾಣುತ್ತದೆ, ಅವುಗಳ ಹತ್ತಿರ ಹೋಗಿ. ಒಂದರ ತಲೆಯ ಮೇಲೆ ಬೆರಳಿಟ್ಟು ಅಂಚುಗಳನ್ನು ಎಣಿಸಿ. ಆರು ಬರಬಹುದು, ಐದು ಅಥವಾ ಏಳೂ ಬರಬಹುದು. ಯಾರೋ ಕೆತ್ತಿ ಜೋಡಿಸಿದ ಹಾಗೆ ಕಾಣುತ್ತದೆ, ಅಲ್ವಾ? ಮಾಡಿದ್ದು ಬರೀ ತಣಿಯುವ ಕ್ರಿಯೆ. ದಪ್ಪ ಲಾವಾ ತಣಿದಾಗ ಕುಗ್ಗುತ್ತದೆ. ಕುಗ್ಗಿದಾಗ, ಬೇಸಿಗೆಯಲ್ಲಿ ಒಣಗಿದ ಕೆರೆಯ ಕೆಸರಿನಂತೆ, ಮೇಲ್ಮೈ ಬಿರುಕು ಬಿಡುತ್ತದೆ. ಒಳಗಿನ ಲಾವಾ ತಣಿಯುತ್ತ ಹೋದಂತೆ ಬಿರುಕೂ ಆಳಕ್ಕೆ ಇಳಿಯುತ್ತದೆ. ಕಡಿಮೆ ಬಿರುಕಿನಲ್ಲಿ ಹೆಚ್ಚು ಒತ್ತಡ ಕಳೆಯಲು ಆರು ಮೂಲೆಯ ಆಕಾರ ಅನುಕೂಲ. ಹಾಗಾಗಿ ಬಿರುಕುಗಳು ಅದರ ಹತ್ತಿರಕ್ಕೆ ಬರುತ್ತವೆ. ಆದರೆ ಲಾವಾ ಎಲ್ಲ ಕಡೆ ಒಂದೇ ಸಮ ತಣಿಯುವುದಿಲ್ಲ, ಅದಕ್ಕೇ ಐದು, ಏಳು ಮೂಲೆಯವೂ ಉಳಿದುಬಿಡುತ್ತವೆ.

ಕಂಬ ಯಾವ ಕಡೆ ವಾಲಿದೆ ಎಂಬುದನ್ನೂ ಗಮನಿಸಿ. ಬಿರುಕು ಯಾವಾಗಲೂ ತಣಿಯುವ ಮೇಲ್ಮೈಗೆ ಲಂಬವಾಗಿ ಹೋಗುತ್ತದೆ. ಕಂಬ ನೆಟ್ಟಗಿದ್ದರೆ ಆ ಮೇಲ್ಮೈ ಸಮತಟ್ಟಾಗಿತ್ತು. ಓರೆಯಾಗಿದ್ದರೆ ಒಂದೋ ಆ ಮೇಲ್ಮೈಯೇ ಇಳಿಜಾರಾಗಿತ್ತು, ಇಲ್ಲವೇ ಇಡೀ ಕಲ್ಲು ಆಮೇಲೆ ವಾಲಿದೆ. ಅಕ್ಕಪಕ್ಕದ ಕಂಬಗಳನ್ನು ಹೋಲಿಸಿ ನೋಡಿದರೆ ಯಾವುದು ಸರಿ ಎಂದು ಊಹಿಸಬಹುದು. ಮಕ್ಕಳನ್ನು ಕರೆದುಕೊಂಡು ಹೋದರೆ ಈ ಪ್ರಶ್ನೆ ಅವರಿಗೇ ಬಿಡಿ, ನೀವು ಉತ್ತರ ಹೇಳಬೇಡಿ.

ಕಾಲಡಿಯನ್ನೂ ನೋಡಿ. ಅಲ್ಲಿ ಮಲ್ಪೆ ಬೀಚಿನ ಮರಳಿಗಿಂತ ಚಿಪ್ಪಿನ ಚೂರೇ ಜಾಸ್ತಿ. ನದಿಗಳು ಘಟ್ಟದಿಂದ ಹೊತ್ತು ತರುವ ಮರಳು ತೀರದ ಗುಂಟ ಸಾಗುತ್ತದೆ, ದ್ವೀಪದ ತನಕ ಅಷ್ಟಾಗಿ ಬರುವುದಿಲ್ಲ. ಆ ಮರಳಿನ ಕೆಲಸ ನೋಡಬೇಕಾದರೆ ಮಧ್ಯಾಹ್ನ ಕೋಡಿ ಬೆಂಗ್ರೆಗೆ ಹೋಗಿ. ಸ್ವರ್ಣಾ, ಸೀತಾ ನದಿಗಳು ಕಡಲು ಸೇರುವ ಜಾಗ ಅದು. ಒಂದು ಕಡೆ ನದಿ, ಇನ್ನೊಂದು ಕಡೆ ಕಡಲು, ನಡುವೆ ಉದ್ದಕ್ಕೆ ಮರಳಿನ ನಾಲಿಗೆ. ದಾರಿಯಲ್ಲಿ ಮನೆಗಳ ಗೋಡೆಯಲ್ಲಿ ಕಾಣುವ ಕೆಂಪು ಮುರಕಲ್ಲು ಬೇರೆಯದೇ ಕಥೆ. ಗಟ್ಟಿ ಬಂಡೆ ಮಳೆ, ಬಿಸಿಲಿಗೆ ಕೊಳೆತು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದಾಗ ಅದು ಹುಟ್ಟುತ್ತದೆ. ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟವರು ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್, 1807ರಲ್ಲಿ.

ದ್ವೀಪಕ್ಕೆ ಹೋಗಲು ಇಳಿತದ ಹೊತ್ತು ಒಳ್ಳೆಯದು, ಕಂಬಗಳ ಬುಡ ಕಾಣುತ್ತದೆ. ಮಳೆಗಾಲದಲ್ಲಿ ಬೋಟು ಇರುವುದಿಲ್ಲ. ಹಿಡಿತವಿರುವ ಬೂಟು ಹಾಕಿಕೊಳ್ಳಿ. ಪಾಚಿ ಜಾರುತ್ತದೆ, ಕಲ್ಲಿಗಂಟಿದ ಚಿಪ್ಪು ಬರಿಗಾಲನ್ನು ಕೊಯ್ದುಬಿಡುತ್ತದೆ. ಸಣ್ಣ ಲೆನ್ಸ್ ಇದ್ದರೆ ಸಾಕು, ಸುತ್ತಿಗೆ ಬೇಡವೇ ಬೇಡ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ದಯವಿಟ್ಟು ಕಂಬದ ಮೇಲೆ ಹೆಸರು ಕೆತ್ತಬೇಡಿ, ಒಂದು ಚೂರನ್ನೂ ಜೇಬಿಗೆ ಹಾಕಬೇಡಿ. ನೆನಪಿಗೆ ಬೇಕಿದ್ದರೆ ಕಲ್ಲಿನ ಪಕ್ಕ ಒಂದು ಪೆನ್ ಇಟ್ಟು ಫೋಟೋ ತೆಗೆಯಿರಿ. ಅಳತೆ ತಿಳಿಯುತ್ತದೆ, ಮನೆಗೆ ಬಂದ ಮೇಲೆ ಮೂಲೆ ಎಣಿಸಲೂ ಆಗುತ್ತದೆ.