ಹಳೇ ಪ್ಲೇಟಿನ ಶ್ರುತಿ: ಡಿಜಿಟಲ್ ಸಂಗ್ರಹದಲ್ಲಿ ಕೇಳುವ ಮುನ್ನ

1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡ ಗಾಯಕಿ ಗೌಹರ್ ಜಾನ್ ಅವರ ದನಿ ಕೇಳಬೇಕೆಂದರೆ ಈಗ ಗುಜರಿ ಅಂಗಡಿ ಸುತ್ತಬೇಕಿಲ್ಲ, ಅಂತರಜಾಲದ ಧ್ವನಿ ಸಂಗ್ರಹಗಳಿವೆ. ಆದರೆ ಒಂದೇ ಗ್ರಾಮಫೋನ್ ಪ್ಲೇಟನ್ನು ಎರಡು ಸಂಗ್ರಹಗಳಲ್ಲಿ ಕೇಳಿದರೆ ಶ್ರುತಿ ಅರ್ಧ ಮನೆ, ಅಂದರೆ ಒಂದು ಸ್ವರಸ್ಥಾನದಷ್ಟು, ಹೆಚ್ಚುಕಡಿಮೆ ಆಗುವುದುಂಟು. ಆ ವ್ಯತ್ಯಾಸ ಹಾಡಿದವರದ್ದಲ್ಲ, ಪ್ಲೇಟು ತಿರುಗಿಸಿದ ವೇಗದ್ದು.

ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡದ್ದು 1902ರ ನವೆಂಬರಿನಲ್ಲಿ. ಹಾಡು ಕೊರೆದ ಮೇಣದ ಬಿಲ್ಲೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ, ಅಲ್ಲಿ ಅರಗಿನ ತಟ್ಟೆಯಾಗಿ ಅಚ್ಚಾಗಿ ಬರುತ್ತಿದ್ದವು. ಕಲ್ಕತ್ತದ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದದ್ದು 1908ರಲ್ಲಿ. ಯಾರ ಹಾಡು ಯಾವುದೆಂದು ಹ್ಯಾನೋವರಿನವರಿಗೆ ಗೊತ್ತಾಗಲಿ ಎಂದು ಹಾಡಿದವರೇ ಕೊನೆಯಲ್ಲಿ ಹೆಸರು ಹೇಳಿ ಮುಗಿಸುತ್ತಿದ್ದರು. ಅಂದು ಕಾರ್ಖಾನೆಗಾಗಿ ಆಡಿದ ಆ ಮಾತು ಇವತ್ತು ವೇಗ ಪರೀಕ್ಷಿಸಲು ಒದಗುತ್ತದೆ. ಹಾಡಿನಲ್ಲಿ ಶ್ರುತಿ ಏರಿದ್ದರೆ ಚಟ್ಟನೆ ತಿಳಿಯುವುದಿಲ್ಲ. ಮಾತು ಕೀಚಲಾದರೆ ಮಾತ್ರ ಕಿವಿ ಕೂಡಲೇ ಹಿಡಿಯುತ್ತದೆ.

ಆಗ ನಿಮಿಷಕ್ಕೆ 78 ಸುತ್ತು ಎಂಬ ಕಟ್ಟುನಿಟ್ಟು ಇರಲಿಲ್ಲ. 70ರಿಂದ 80ರ ಆಚೀಚೆ, ಮುದ್ರಿಸುವವರ ಯಂತ್ರ ಹೇಗಿತ್ತೋ ಹಾಗೆ. ಮನೆಯ ಗ್ರಾಮಫೋನಿನಲ್ಲೂ ವೇಗ ಹೊಂದಿಸುವ ತಿರುಪು ಇತ್ತು, ಕೇಳುವವರು ತಮಗೆ ಹಿತವಾಗುವಷ್ಟಕ್ಕೆ ತಿರುಗಿಸಿಕೊಳ್ಳುತ್ತಿದ್ದರು. 1925ರಲ್ಲಿ ಮೈಕಿನ ಮುದ್ರಣ ಬಂದ ಮೇಲೆ ವೇಗ ನಿಧಾನವಾಗಿ 78ಕ್ಕೆ ನೆಲೆಗೊಂಡಿತು. ಹಾಗಾಗಿ ಅದಕ್ಕೂ ಹಿಂದಿನ ಪ್ಲೇಟನ್ನು ಕಣ್ಣುಮುಚ್ಚಿ 78ರಲ್ಲಿ ಓಡಿಸಿದ್ದರೆ ಅನುಮಾನಿಸಬೇಕು. 74ರಲ್ಲಿ ಕೊರೆದ ತಟ್ಟೆ 78ರಲ್ಲಿ ತಿರುಗಿದರೆ ಶ್ರುತಿ ಶೇ 5.4ರಷ್ಟು ಏರುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ಅಂತರ ಸುಮಾರು ಶೇ 6. ಅಂದರೆ ಐದು ಮನೆಯಲ್ಲಿ ಹಾಡಿದವರು ಹೆಚ್ಚುಕಡಿಮೆ ಐದೂವರೆಯಲ್ಲಿ ಕೇಳಿಸುತ್ತಾರೆ, ಕಾಲಪ್ರಮಾಣವೂ ಅಷ್ಟೇ ಚುರುಕಾಗುತ್ತದೆ. ‘ಹಳಬರೆಲ್ಲ ಮೇಲಿನ ಶ್ರುತಿಯಲ್ಲಿ ಬಿರುಸಾಗಿ ಹಾಡುತ್ತಿದ್ದರು’ ಎಂದು ಬರೆಯುವ ಮುಂಚೆ ಈ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು. ಹತ್ತು ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ಸಿಗುತ್ತಿದ್ದದ್ದೇ ಮೂರು, ಮೂರೂವರೆ ನಿಮಿಷ. ಅಷ್ಟರಲ್ಲಿ ಕೃತಿ ಮುಗಿಸುವ ಅವಸರ ಹೇಗೂ ಇತ್ತು, ಅದರ ಮೇಲೆ ಯಂತ್ರದ ಅವಸರ ಬೇರೆ.

ನಿಜವಾದ ವೇಗ ಹುಡುಕಲು ಮ್ಯಾಟ್ರಿಕ್ಸ್ ನಂಬರ್ ಬೇಕು. ಲೇಬಲಿನ ಪಕ್ಕದ ನುಣುಪು ಜಾಗದಲ್ಲಿ ಕೊರೆದ ಅಂಕಿ ಇದು. ಲೇಬಲಿನ ಮೇಲಿನ ಮಾರಾಟದ ನಂಬರ್ ಬೇರೆ. ಗ್ರಾಮಫೋನ್ ಕಂಪನಿಯ ಹಳೆಯ ಪ್ಲೇಟುಗಳಲ್ಲಿ ಈ ಅಂಕಿಯ ಜೊತೆಗಿನ ಅಕ್ಷರ, ಮುದ್ರಿಸಿದವರು ಯಾರು, ತಟ್ಟೆಯ ಅಳತೆ ಎಷ್ಟು ಎಂಬುದನ್ನೂ ಹೇಳುತ್ತದೆ. ಒತ್ತೊತ್ತಿನ ನಂಬರುಗಳು ಸಾಮಾನ್ಯವಾಗಿ ಒಂದೇ ಕೂಟದಲ್ಲಿ ಮುದ್ರಿಸಿದವು. ಆ ನಾಲ್ಕೈದು ಪ್ಲೇಟುಗಳಲ್ಲಿ ಒಂದರ ಷಡ್ಜ (ಆಧಾರದ ‘ಸ’ ಸ್ವರ) ಮಾತ್ರ ಬೇರೆ ಕಡೆ ಇದ್ದರೆ ಮೊದಲು ವೇಗವನ್ನೇ ಶಂಕಿಸಿ. ಧ್ವನಿ ತಿದ್ದುವ ಆಡಾಸಿಟಿ ತಂತ್ರಾಂಶದಲ್ಲಿ ಸರಿಪಡಿಸುವಾಗ ಪಿಚ್ ಮಾತ್ರ ಬದಲಿಸುವ ಆಯ್ಕೆ ಬೇಡ, ಅದು ಕಾಲವನ್ನು ಹಾಗೇ ಬಿಡುತ್ತದೆ. ಸ್ಪೀಡ್ ಮತ್ತು ಪಿಚ್ ಎರಡನ್ನೂ ಒಟ್ಟಿಗೆ ಬದಲಿಸುವುದನ್ನು ತೆಗೆದುಕೊಂಡು, 78ರಿಂದ 74ಕ್ಕೆ ಇಳಿಸಲು ಮೈನಸ್ 5.13 ಶೇಕಡಾ ಕೊಡಿ. ಆಮೇಲೆ ಕೊನೆಯ ಮಾತು ಕೇಳಿ ನೋಡಿ.

ಸಂಗ್ರಹದವರ ಕಡೆಯ ಕೆಲಸವೂ ಗೊತ್ತಿರಲಿ. ಅರಗಿನ ತಟ್ಟೆಯನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಅರಗೇ ಕರಗುತ್ತದೆ. ಡಿಸ್ಟಿಲ್ಡ್ ನೀರಿಗೆ ಸೌಮ್ಯ ಸೋಪಿನ ಒಂದೆರಡು ಹನಿ ಸಾಕು. ಆಮೇಲೆ ಬಂದ ಸಣ್ಣ ಗೀರಿನ ಎಲ್‌ಪಿ ಪ್ಲೇಟಿನ ಮುಳ್ಳು ಅರಗಿನ ತಟ್ಟೆಯ ಅಗಲವಾದ ಗೀರಿನ ತಳದಲ್ಲಿ ಕೊಳೆ ಕೆರೆಯುತ್ತ ಹೋಗುತ್ತದೆ. ಆ ಮುಳ್ಳಿನ ತುದಿ ಸುಮಾರು 25 ಮೈಕ್ರಾನ್, ಇಲ್ಲಿ ಬೇಕಾದದ್ದು 75ರ ಆಸುಪಾಸಿನದು. ಮುಳ್ಳು ಕೂರಿಸುವ ಸ್ಟೀರಿಯೊ ಕಾರ್ಟ್ರಿಜ್ಜಿನಲ್ಲಿ ಗೀರಿನ ಎರಡೂ ಗೋಡೆ ಬೇರೆಬೇರೆ ದಾಖಲಾಗುವುದರಿಂದ ಸವೆಯದ ಗೋಡೆಯನ್ನು ಆಮೇಲೆ ಆರಿಸಿಕೊಳ್ಳಬಹುದು. ಮೂಲ ಪ್ರತಿ 96 ಕಿಲೊಹರ್ಟ್ಸ್, 24 ಬಿಟ್‌ನ ವೇವ್ ಕಡತ, ಮೂರು ನಿಮಿಷಕ್ಕೆ ನೂರು ಎಂಬಿ ಮೀರುತ್ತದೆ. ನಮಗೆ ಕೇಳಿಸುವುದು ಅದರಿಂದ ತೆಗೆದ ಎಂಪಿ3. ಗರಗರ ಸದ್ದು ತೆಗೆದ ಪ್ರತಿ, ತೆಗೆಯದ ಪ್ರತಿ ಎರಡೂ ಇದ್ದರೆ ತೆಗೆಯದ್ದನ್ನೇ ಆರಿಸಿ. ಸದ್ದಿನ ಜೊತೆ ‘ಸ’ಕಾರ, ‘ಶ’ಕಾರಗಳೂ ಮೃದಂಗದ ಬಲಮುಚ್ಚಿಗೆಯ ಚುರುಕೂ ಹೋಗಿಬಿಟ್ಟಿರುತ್ತವೆ. ಎಡಮುಚ್ಚಿಗೆಯ ಗುಮಕಿಯನ್ನು (ತಗ್ಗಿನ ಗುಂಯ್ ನಾದವನ್ನು) ಮಾತ್ರ 1925ರ ಹಿಂದಿನ ಪ್ಲೇಟಿನಲ್ಲಿ ಹುಡುಕಬೇಡಿ, ಮೈಕಿಲ್ಲದೆ ಕಹಳೆಯಲ್ಲಿ ಹಿಡಿದ ಮುದ್ರಣಕ್ಕೆ ಅಷ್ಟು ಕೆಳಗಿನ ಸ್ವರ ದಕ್ಕುತ್ತಲೇ ಇರಲಿಲ್ಲ.

ಇಂಥ ಕೆಲಸದಲ್ಲಿ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಮುಂದಿವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾಂತಾ ಬಾರ್ಬರಾ ಗ್ರಂಥಾಲಯ ಮೇಣದ ಸಿಲಿಂಡರುಗಳ ಸಂಗ್ರಹವನ್ನು 2005ರಲ್ಲೇ ಎಲ್ಲರಿಗೂ ತೆರೆಯಿತು. ಮ್ಯಾಟ್ರಿಕ್ಸ್ ನಂಬರ್ ಹಿಡಿದು ಮುದ್ರಣದ ದಿನ, ಊರು ನೋಡಬಹುದಾದ ದೊಡ್ಡ ಸೂಚಿಯೂ ಅದರದ್ದೇ. ನಮ್ಮಲ್ಲಿ ಜಾದವ್‌ಪುರ ವಿಶ್ವವಿದ್ಯಾಲಯ ಹಿಂದೂಸ್ತಾನಿ ಸಂಗೀತಕ್ಕೆ ಇಂಥ ಸಂಗ್ರಹ ಕಟ್ಟಿದೆ. ಹುಡುಕುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಹಳೆಯ ಕಾಗುಣಿತವನ್ನೇ ಹಾಕಬೇಕು: ಕನ್ನಡಕ್ಕೆ ‘ಕೆನರೀಸ್’, ಮೈಸೂರಿಗೆ ‘ಮೈಸೋರ್’, ಗೌಹರ್ ಜೊತೆಗೆ ‘ಗೋಹರ್’. ಮೈಸೂರು ಎಂದು ಹುಡುಕಿದ್ದಕ್ಕೆ ರಷ್ಯದ ನಿಕೊಲಾಯ್ ಮೆಟ್ನರ್ ಅವರ ಪಿಯಾನೊ ಎದುರಾದರೆ ಗಾಬರಿ ಬೇಡ. 1940ರ ದಶಕದ ಕೊನೆಯಲ್ಲಿ ಎಚ್ಎಂವಿ ಕಂಪನಿ ಆ ಪ್ಲೇಟುಗಳನ್ನು ತಂದದ್ದು ಮೈಸೂರಿನ ಜಯಚಾಮರಾಜ ಒಡೆಯರ ಹಣದಿಂದ.

ಕೆಲವದಕ್ಕೆ ಡೌನ್‌ಲೋಡ್ ಗುಂಡಿ ಇರುವುದಿಲ್ಲ. ಇದಕ್ಕೆ ಕಾನೂನಿನ ಕಾರಣವೂ ಇರಬಹುದು. ನಮ್ಮ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 1964ರ ಪ್ಲೇಟಿನದ್ದು 2024ರ ಕೊನೆಗೆ ಮುಗಿಯಿತು. ರಚನೆಯ ಹಕ್ಕು ಬೇರೆ, ರಚಿಸಿದವರು ತೀರಿಕೊಂಡ ಮರುವರ್ಷದಿಂದ 60 ವರ್ಷ. ವಾಗ್ಗೇಯಕಾರ ಮೈಸೂರು ವಾಸುದೇವಾಚಾರ್ಯರು 1961ರಲ್ಲಿ ತೀರಿಕೊಂಡದ್ದರಿಂದ ಅವರ ಕೃತಿಗಳದ್ದು 2021ರ ಕೊನೆಯವರೆಗಿತ್ತು. ಅಮೆರಿಕದಲ್ಲಿ 1922ರವರೆಗಿನ ಮುದ್ರಣಗಳು 2022ರ ಜನವರಿ 1ಕ್ಕೆ ಮುಕ್ತವಾದವು, ಈಚಿನವು ಸರದಿಯಲ್ಲಿವೆ. ಹೀಗಾಗಿ ಇಲ್ಲಿ ಹಕ್ಕು ಮುಗಿದ 1950ರ ಪ್ಲೇಟು ಅಲ್ಲಿನ ಸಂಗ್ರಹದಲ್ಲಿ ಬೀಗದೊಳಗೇ ಇರಬಹುದು. ಆಗ ಗ್ರಂಥಾಲಯಕ್ಕೆ ಅಧ್ಯಯನದ ಉದ್ದೇಶ ತಿಳಿಸಿ ಬರೆಯಿರಿ. ಮ್ಯಾಟ್ರಿಕ್ಸ್ ನಂಬರ್ ಕೊಟ್ಟು, ಸಂಸ್ಕರಿಸದ ಪ್ರತಿ ಕೇಳಿ, ಯಾವ ವೇಗದಲ್ಲಿ ಓಡಿಸಿದ್ದರು ಎಂಬುದನ್ನೂ ತಪ್ಪದೆ ವಿಚಾರಿಸಿ.