ಗರ್ಭಕೋಶದ ಪ್ರಶ್ನೆ ಕೇಳಲು ಇಷ್ಟು ತಡವೇಕೆ?

ಅಗತ್ಯವಿಲ್ಲದಿದ್ದರೂ ಗರ್ಭಕೋಶ ತೆಗೆಯಲಾಗಿದೆ ಎಂದು ದೂರಿ ರಾಣೆಬೆನ್ನೂರು ತಾಲ್ಲೂಕಿನ ತಾಂಡಾಗಳ ಹೆಂಗಸರು ಬೀದಿಗಿಳಿದಾಗ ಚರ್ಚೆಯೆಲ್ಲ ಆಸ್ಪತ್ರೆಯ ಸುತ್ತಲೇ ನಡೆಯಿತು. ತಪ್ಪು ಯಾರದೆಂದು ತನಿಖೆ ಹೇಳಲಿ. ಆದರೆ ಬಿಳಿಸೆರಗು, ಟೊಂಕನೋವು, ಅತಿಯಾದ ಮುಟ್ಟು ಎಂದು ಹೋದವರಿಗೆಲ್ಲ ಶಸ್ತ್ರಚಿಕಿತ್ಸೆಯೇ ಮದ್ದೆಂಬ ನಂಬಿಕೆ ಬೆಳೆದದ್ದು ಒಂದೆರಡು ವರ್ಷಗಳಲ್ಲಿ ಅಲ್ಲ.

1952ರಲ್ಲಿ ಕುಟುಂಬ ಯೋಜನೆ ಆರಂಭವಾದ ಮೇಲೆ ಸರ್ಕಾರ ಹಳ್ಳಿಯ ಹೆಣ್ಣನ್ನು ಮುಖ್ಯವಾಗಿ ಕೇಳಿದ್ದು ಇಷ್ಟೇ: ಮಕ್ಕಳೆಷ್ಟು, ಸಂತಾನಹರಣದ ಆಪರೇಷನ್ ಆಯಿತೇ? 1996ರವರೆಗೂ ನರ್ಸಮ್ಮನ ಬೆನ್ನಿಗೆ ಇಷ್ಟು ಜನರಿಗೆ ಆಪರೇಷನ್ ಮಾಡಿಸಬೇಕೆಂಬ ಗುರಿಯ ಭಾರವಿತ್ತು. ಆಪರೇಷನ್ ಮಾಡಿಸಿಕೊಂಡವಳ ಹೊಟ್ಟೆನೋವಿಗೆ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಅಂಥ ನೋವನ್ನು ಕೂತು ಕೇಳಿದವರು ಕೆಲವು ಮಾನವಶಾಸ್ತ್ರಜ್ಞರು. ಹೆಲೆನ್ ಉಲ್‌ರಿಚ್ 1964ರಲ್ಲಿ ಮಲೆನಾಡಿನ ಒಂದು ಹಳ್ಳಿಗೆ ಬಂದವರು, ದಶಕಗಳ ಕಾಲ ಅಲ್ಲಿಗೇ ಮರಳುತ್ತಿದ್ದರು; ನಡುವೆ ಮನೋವೈದ್ಯೆಯೂ ಆದರು. ಹವ್ಯಕ ಹೆಂಗಸರ ಮುಟ್ಟಿನ ಕಟ್ಟಳೆ ಸಡಿಲವಾದ ಬಗೆ, ವಿಧವೆಯರ ಖಿನ್ನತೆ ಅವರ ಅಧ್ಯಯನದ ವಸ್ತುಗಳು. ಮನೆಯಲ್ಲಿ ಬಾಯಿಬಿಡಲಾಗದ ಸಂಕಟ ಮೈಯ ಕಾಯಿಲೆಯಾಗಿಯೂ ಹೊರಬರುತ್ತದೆ ಎಂದು ದಕ್ಷಿಣ ಕನ್ನಡದ ಕ್ಷೇತ್ರಕಾರ್ಯದಿಂದ ಮಾರ್ಕ್ ನಿಕ್ಟರ್ 1981ರಲ್ಲಿ ಬರೆದರು.

ಈ ಎರಡೂ ಬರಹಗಳ ಹೆಣ್ಣು ಹೆಚ್ಚಾಗಿ ಬ್ರಾಹ್ಮಣ ಮನೆಯವಳು. ಬ್ಯಾಡಗಿಯಲ್ಲಿ ರಾಶಿಯ ಮುಂದೆ ದಿನವಿಡೀ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸಿ, ರಾತ್ರಿ ಉರಿಯುವ ಬೆರಳುಗಳಲ್ಲೇ ರೊಟ್ಟಿ ತಟ್ಟುವವಳ ಟೊಂಕನೋವಿಗೆ ಆ ವಿವರಣೆ ಸಾಲದು. ಕರ್ನಾಟಕ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿಭಾಗ ಇರುವುದು ಧಾರವಾಡದಲ್ಲೇ. ಇಂಥ ಕ್ಷೇತ್ರಕ್ಕಾಗಿ ದೂರ ಅಲೆಯಬೇಕಿಲ್ಲ.

1989ರಲ್ಲಿ ಡಾ. ರಾಣಿ ಬಂಗ್ ಅವರ ತಂಡ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ 650 ಮಹಿಳೆಯರ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಶೇ 92ರಷ್ಟು ಮಂದಿಗೆ ಸ್ತ್ರೀರೋಗವಿತ್ತು. ಮೊದಲೇ ತಪಾಸಣೆ ಕಂಡಿದ್ದವರು ಶೇ 8 ಮಾತ್ರ. ಅಂದರೆ ದೂರು ಸುಳ್ಳಲ್ಲ, ಸಿಗದಿದ್ದದ್ದು ಆರಂಭದ ಚಿಕಿತ್ಸೆ. ಆ ಖಾಲಿ ಜಾಗಕ್ಕೆ ಬಂದದ್ದು ಶಸ್ತ್ರಚಿಕಿತ್ಸೆ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮೂಳೆ ಬೇಗ ಸವೆಯುತ್ತದೆಂಬ ಎಚ್ಚರಿಕೆ ಎಷ್ಟು ಜನರ ಕಿವಿಗೆ ಬಿದ್ದಿತ್ತೋ!

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಗರ್ಭಕೋಶ ತೆಗೆಸಿದ ಬಗ್ಗೆ ಪ್ರತ್ಯೇಕವಾಗಿ ಕೇಳಿದ್ದು 2015-16ರ ನಾಲ್ಕನೇ ಸುತ್ತಿನಲ್ಲಿ. ಅಂಥ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಮೂರನೇ ಎರಡರಷ್ಟು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೊಳಿಸುವಂತೆ ರಾಜ್ಯಗಳಿಗೆ ಆದೇಶಿಸಿತು. ಜಿಲ್ಲಾ ಮಟ್ಟದ ನಿಗಾ ಸಮಿತಿಯೂ ಅದರಲ್ಲಿದೆ. ಆದರೆ ಸಮಿತಿ ಆಸ್ಪತ್ರೆಯ ಕಡತವನ್ನಷ್ಟೇ ನೋಡಿದರೆ ರಕ್ತಸ್ರಾವ ಕಂಡೀತು, ಕೂಲಿ ತಪ್ಪೀತೆಂದು ತಿಂಗಳುಗಟ್ಟಲೆ ನೋವು ನುಂಗಿದ್ದು ಕಾಣದು.